ಸುಗುಣಳ ಜೀಪಿನ ಬ್ಯಾಟರಿ ತಿಂದವರು ಯಾರು

ಗಂಗೊಳ್ಳಿಯ ಸುಗುಣ ಮೀನು ಕೊಳ್ಳುವಾಗ ಬುಟ್ಟಿಯ ಮೇಲ್ಭಾಗ ನೋಡುತ್ತಿರಲಿಲ್ಲ. ನೇರ ಕೈ ಹಾಕಿ ಅಡಿಯಲ್ಲಿದ್ದ ಮೀನನ್ನು ಎತ್ತಿ, ಕಿವಿರು ಬಿಡಿಸಿ ನೋಡುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು ಹೆಮ್ಮಾಡಿ, ವಂಡ್ಸೆಯ ಮನೆಮನೆ ತಿರುಗಿದ ಕಾಲದ ಅಭ್ಯಾಸ ಅದು. ಯಾರನ್ನೂ ಸುಲಭಕ್ಕೆ ನಂಬದೆ ಇದ್ದುದರಿಂದಲೇ ತಾನು ಸ್ವಂತ ಗಾಡಿ ಇಡುವಷ್ಟಾದೆ ಎಂದು ಅವಳ ಎಣಿಕೆ.

ಆ ಗಾಡಿ ಒಂದು ಜೀಪು. ಹಿಂದಿನ ಸೀಟು ಕಿತ್ತು, ಮೀನಿನ ಕ್ರೇಟು ಇಡಲು ಜಾಗ ಮಾಡಿಸಿದ್ದಳು. ಫೋರ್‌ವೀಲ್ ಹಾಕಿದರೆ ಮರಳಿನಲ್ಲೂ ಓಡುತ್ತಿತ್ತು. ಹತ್ತಾರು ಜನ ಸೇರಿ ದಡದಿಂದಲೇ ರಂಪಣಿ ಬಲೆ ಎಳೆಯುವ ಕಡೆ ನೀರಂಚಿನವರೆಗೂ ಇಳಿದು, ಉಳಿದವರ ಟೆಂಪೊಗಳು ರಸ್ತೆಯಲ್ಲಿ ಕಾಯುತ್ತಿರುವಾಗಲೇ ಅವಳು ಮೀನು ತುಂಬಿಕೊಂಡು ಹೊರಟಿರುತ್ತಿದ್ದಳು. ಓಡಿಸುತ್ತಿದ್ದವನು ಗಂಡನ ತಮ್ಮ ದೇವು. ಬಿಡುವಿನಲ್ಲಿ ಅವಳಿಗೂ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅವನೇ. ಗಂಡ ಅಶೋಕ್ ಮಲ್ಪೆಯ ಆಳಸಮುದ್ರದ ಬೋಟಿನಲ್ಲಿ ಕೆಲಸಕ್ಕಿದ್ದ. ಬೋಟು ದಡ ಮುಟ್ಟಿದಾಗ ಫೋನು, ಆಗೊಮ್ಮೆ ಈಗೊಮ್ಮೆ ಮನೆ.

ತೊಂದರೆ ಬ್ಯಾಟರಿಯದ್ದು. ವರ್ಷಗಟ್ಟಲೆ ಬರಬೇಕಾದದ್ದು ಕೆಲವೇ ತಿಂಗಳಿಗೆ ಕೈಕೊಟ್ಟಿತು. ಹೊಸದು ಹಾಕಿಸಿದಳು. ಅದೂ ಹಾಗೆಯೇ ಆಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಸದ್ದು, ಅಷ್ಟೇ. ಒಂದು ದಿನವಂತೂ ಜೀಪು ನೀರಂಚಿನಲ್ಲೇ ನಿಂತುಬಿಟ್ಟಿತು. ಉಬ್ಬರ ಏರುತ್ತಿತ್ತು, ಮರಳು ಚಕ್ರವನ್ನು ಕಚ್ಚಿಕೊಳ್ಳುತ್ತಿತ್ತು. ಬಲೆ ಎಳೆದು ದಣಿದಿದ್ದ ಗಂಡಸರೇ ಹಗ್ಗ ಕಟ್ಟಿ ಅದನ್ನೂ ಎಳೆದು ಮೇಲೆ ಹಾಕಿದರು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಮೀನು ವ್ಯಾಪಾರಿ ರತ್ನ ಬಾಯಿ ತುಂಬ ನಕ್ಕಳು.

"ಹ್ವಾಯ್ ಸುಗುಣ, ಜೀಪ್ ಮಾರಿ ಎತ್ತಿನ್ ಗಾಡಿ ತಕೊ ಮಾರಾಯ್ತಿ!"

ಆ ನಗು ಸುಗುಣಳ ತಲೆಯಿಂದ ಇಳಿಯಲಿಲ್ಲ. ಬ್ಯಾಟರಿ ತಾನಾಗಿ ಸಾಯುತ್ತಿಲ್ಲ, ಯಾರೋ ಸಾಯಿಸುತ್ತಿದ್ದಾರೆ ಅನಿಸಿತು.

ಮೊದಲು ಸಂಶಯ ಬಂದದ್ದು ಕುಂದಾಪುರದ ಬ್ಯಾಟರಿ ಅಂಗಡಿಯವನ ಮೇಲೆ. "ಹಳೇದನ್ನೇ ತೊಳ್ದ್, ಸ್ಟಿಕ್ಕರ್ ಅಂಟ್ಸಿ ಕೊಟ್ರ್ಯಾ?" ಎಂದು ಮುಖಕ್ಕೇ ಕೇಳಿದಳು. ಅವನು ಬೇಸರಿಸಲಿಲ್ಲ. "ಬ್ಯಾಟರಿ ಹೊಸ್ತೇ ಅಮ್ಮ. ಪೂರ್ತಿ ಖಾಲಿ ಆಪುದು, ಅರ್ಧ ತುಂಬುದು, ಹೀಂಗೇ ಆರೆ ಯಾವ್ದೂ ತಡೂದಿಲ್ಲ. ಗಾಡಿ ಯಾರಿಗಾರೂ ಕಾಣ್ಸಿ" ಎಂದ. ಅವಳು ನಂಬಲಿಲ್ಲ. ಮುಂದಿನ ಬ್ಯಾಟರಿಯ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಮಗಳ ಉಗುರು ಬಣ್ಣದಿಂದ ಒಂದು ಚುಕ್ಕೆ ಇಟ್ಟಳು. ಯಾರಾದರೂ ಬದಲಾಯಿಸಿದರೆ ಗೊತ್ತಾಗಲಿ ಎಂದು. ಆ ಬ್ಯಾಟರಿ ಸೊರಗಿದಾಗಲೂ ಚುಕ್ಕೆ ಇದ್ದಲ್ಲೇ ಇತ್ತು.

ಹಾಗಾದರೆ ದೇವು. ಅವನ ಗೆಳೆಯರದ್ದು ಸಣ್ಣ ದೋಣಿಗಳು. ದೋಣಿಯ ಲೈಟಿಗೆ ಬ್ಯಾಟರಿ ಎರವಲು ಕೊಡುತ್ತಿದ್ದಾನೋ, ತಾನು ಮನೆಯಲ್ಲಿಲ್ಲದಾಗ ಜೀಪಿನಲ್ಲಿ ಕೂತು ಹಾಡು ಹಾಕಿಕೊಳ್ಳುತ್ತಾನೋ? ಇದರ ಜೊತೆಗೆ ಇನ್ನೊಂದು. ಅಶೋಕ್ ಫೋನಿನಲ್ಲಿ, "ನಿನ್ನೆ ಬೈಂದೂರ್ ಬದಿಗೆ ಎಂತಕೆ ಹೋಯ್ದೆ?" ಎಂದು ಕೇಳುತ್ತಿದ್ದ. ತಾನು ಹೇಳದ್ದು ಗಂಡನಿಗೆ ಹೇಗೆ ಗೊತ್ತಾಗುತ್ತದೆ? ರತ್ನಳ ಅಣ್ಣ ಮಲ್ಪೆ ಬಂದರಿನಲ್ಲೇ ಇರುವುದು. ಚಾಡಿ ಅಲ್ಲಿಂದಲೇ ಹೋಗುತ್ತಿದೆ ಎಂದುಕೊಂಡು ಅವಳು ರತ್ನಳ ಜೊತೆ ಮಾತು ಬಿಟ್ಟಳು.

ಒಂದು ಬೆಳಿಗ್ಗೆ ದೇವುವಿನ ಎದುರು ಕೈ ಚಾಚಿದಳು. "ಕೀ ಇನ್ ಮೇಲೆ ನನ್ ಹತ್ರವೇ ಇರ್ಲಿ."

"ಎಂತಕೆ ಅತ್ತಿಗೆ?"

ಅವಳು ಉತ್ತರ ಕೊಡಲಿಲ್ಲ. ದೇವು ಕೀಯನ್ನು ಜಗಲಿಯ ಮೇಲಿಟ್ಟು ಹೋದ. ಆ ವಾರವೇ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಎಂಬ ಸುದ್ದಿ ಬಂತು. ಸಿಕ್ಕಿಬೀಳುತ್ತೇನೆಂದು ಜಾರಿಕೊಂಡ ಎಂದೇ ಅವಳು ತಿಳಿದಳು. ತಾನೇ ಜೀಪು ಓಡಿಸತೊಡಗಿದಳು. ಕೀ ಸೊಂಟ ಬಿಟ್ಟು ಎಲ್ಲೂ ಹೋಗಲಿಲ್ಲ. ಆದರೂ ಅಂಗಳದ ಗೋಡೆ ಬದಿಯಲ್ಲಿ ಸುಮ್ಮನೆ ನಿಂತಿದ್ದ ಜೀಪು ಮತ್ತೆ ಟಕ್ ಟಕ್ ಎಂದಿತು.

ಇನ್ನು ಸಂಶಯಪಡಲು ಊರಲ್ಲಿ ಯಾರೂ ಉಳಿದಿರಲಿಲ್ಲ. ಅವಳು ಜೀಪನ್ನು ತೆಕ್ಕಟ್ಟೆಗೆ, ವಾಹನಗಳ ವೈರಿಂಗ್ ಕೆಲಸ ಮಾಡುವ ಯತೀಶನಲ್ಲಿಗೆ ಎಳೆಸಿಕೊಂಡು ಹೋದಳು. ಅವನ ಮೇಲೂ ಕಣ್ಣಿಟ್ಟು, ಸ್ಟೂಲು ಹಾಕಿಕೊಂಡು ಎದುರೇ ಕೂತಳು.

ಯತೀಶ ಬ್ಯಾಟರಿಗೆ ಚಾರ್ಜ್ ಕೊಟ್ಟು, ಇಂಜಿನ್ ಓಡಿಸಿ ಮೀಟರ್ ಹಿಡಿದ. ಓಡುವಾಗ ಚಾರ್ಜ್ ಸರಿಯಾಗಿಯೇ ಆಗುತ್ತಿತ್ತು. ಇಂಜಿನ್ ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ಒಂದು ಬದಿಯ ವೈರು ಬಿಚ್ಚಿ ನಡುವೆ ಮೀಟರ್ ಜೋಡಿಸಿದ.

"ಕಾಣಿ ಸುಗುಣಕ್ಕ. ಗಾಡಿ ಬಂದ್ ಆಯ್ತ್, ಕೀ ನಿಮ್ ಕೈಯಗಿತ್ತ್. ಆದ್ರೂ ಕರೆಂಟ್ ಹೋತಾ ಇತ್ತ್."

ಒಂದೊಂದೇ ಫ್ಯೂಸು ಕಿತ್ತು ನೋಡಿದ. ಮೀಟರಿನ ಅಂಕೆ ಇಳಿಯಲಿಲ್ಲ. ಫ್ಯೂಸಿನ ದಾರಿಗೇ ಬಾರದ ವೈರು ಒಂದಿದೆ ಎಂದು ಹುಡುಕುತ್ತ ಹೋದ. ಕಪ್ಪು ಟೇಪು ಸುತ್ತಿದ ಒಂದು ಸಣ್ಣ ವೈರು ಬ್ಯಾಟರಿಯಿಂದಲೇ ಹೊರಟು ಡ್ಯಾಶ್‌ಬೋರ್ಡಿನ ಹಿಂದೆ ನುಗ್ಗಿತ್ತು. ಅಲ್ಲಿಂದ ಬೆಂಕಿಪೆಟ್ಟಿಗೆಯ ಗಾತ್ರದ ಒಂದು ಪೆಟ್ಟಿಗೆ ಹೊರಬಂತು. ಮುಟ್ಟಿದರೆ ಅದು ಬೆಚ್ಚಗಿತ್ತು.

"ಗಾಡಿ ಎಲ್ಲಿತ್ತ್ ಅಂದ್ಹೇಳಿ ಮೊಬೈಲಗೆ ಕಾಂಬು ಮಿಷನ್ ಇದ್. ಉಪ್ಪ್‌ನೀರ್ ಹೊಕ್ಕಿ ಹಾಳಾಯಿತ್. ಬಿಡ್ದೇ ಕರೆಂಟ್ ಎಳಿತಿತ್ತ್. ನೀವ್ ಓಡ್ಸುದ್ ಮನೆಯಿಂದ ಕಡಲಿಗೆ, ಕಡಲಿಂದ ಮನೆಗೆ. ಅಷ್ಟ್ ಓಡ್ರೆ ಬ್ಯಾಟರಿ ತುಂಬತ್ತಾ? ಅರೆಹೊಟ್ಟೆಗೇ ಇದ್ದಿದ್ದ್ ಸತ್ತೇ ಹೋಯ್ತ್."

"ಯಾರ್ ಇಟ್ಟದ್ದ್?"

ಯತೀಶ ಅದರೊಳಗಿನ ಸಿಮ್ ತೆಗೆದು ತನ್ನ ಫೋನಿಗೆ ಹಾಕಿ ಸುಗುಣಳ ನಂಬರಿಗೆ ಕರೆ ಮಾಡಿದ. ಅವಳ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹೆಸರು ಬಂತು: "ಇವರ ಹಳೇ ನಂಬರ್".

ಆ ಸಿಮ್ ಕಡಲಿಗೆ ಬಿತ್ತು ಎಂದು ಅಶೋಕ್ ಹೇಳಿದ್ದ. ಸುಗುಣ ಫೋನನ್ನು ಮಡಿಲಲ್ಲಿ ಕವುಚಿ ಹಾಕಿ ಕೂತಳು. ತವರಿಗೆ ಹೋದದ್ದು, ಆಸ್ಪತ್ರೆಗೆ ಹೋದದ್ದು, ಮನಸ್ಸು ಸರಿಯಿಲ್ಲದೆ ಕಡಲ ಬದಿಯಲ್ಲಿ ಜೀಪು ನಿಲ್ಲಿಸಿ ಸುಮ್ಮನೆ ಕೂತದ್ದು, ಎಲ್ಲವನ್ನೂ ಆ ಪೆಟ್ಟಿಗೆ ನೋಡಿತ್ತು.

ಬೋಟು ಬಂದ ಮೇಲೆ ಅಶೋಕ್ ಮನೆಗೆ ಬಂದ. ಅವಳು ಊಟ ಬಡಿಸಿ, ಅವನು ಕೈ ತೊಳೆಯುವವರೆಗೆ ಕಾದಳು. "ಕಡಲಿಗ್ ಬಿದ್ದ ಸಿಮ್ ಜೀಪಿಗೆ ಹ್ಯಾಂಗ್ ಬಂತ್?" ಎಂದು ಪೆಟ್ಟಿಗೆಯನ್ನು ಎದುರಿಟ್ಟಳು.

ಅಶೋಕ್ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. "ದೇವು ಜೀಪ್ ತಕಂಡ್ ಕೊಲ್ಲೂರಿಗೆ ಸಾಮಾನ್ ಬಾಡಿಗೆ ಹೊಡಿತಾ ಅಂದ್ಹೇಳಿ ಯಾರೋ ಹೇಳಿರ್. ಅದ್ಕೆ ಇಟ್ಟದ್ದ್."

"ಅವ ಹೋಯಿದ್ನಾ?"

"ಇಲ್ಲ. ಒಂದ್ ದಿನವೂ ಹೋಯ್ಲಿಲ್ಲ."

"ಹಾಂಗಾರೆ ತೆಗಿಲಿಲ್ಲ ಎಂತಕೆ?"

ಅವನು ಪೆಟ್ಟಿಗೆಯನ್ನೇ ನೋಡುತ್ತ ಹೇಳಿದ: "ನೀ ಎಲ್ಲಿದ್ದೆ ಅಂದ್ಹೇಳಿ ಕಾಂಬುದ್ ಅಭ್ಯಾಸ ಆಯ್ತ್."

ಅದು ಪೂರ್ತಿ ನಿಜವೋ ಅರ್ಧವೋ ಅವಳಿಗೆ ತಿಳಿಯಲಿಲ್ಲ. ಜೀಪಿನ ಜಾಡು ತೋರಿಸುತ್ತಿದ್ದ ಆ್ಯಪನ್ನು ಅವನ ಫೋನಿನಿಂದ ತನ್ನ ಎದುರೇ ಅಳಿಸಿ ಹಾಕಿಸಿದಳು. ಕೂಗಾಡಲಿಲ್ಲ. ದೇವುವಿನ ಹತ್ತಿರ ಕೀ ಕೇಳುವಾಗ ತಾನೂ ಸಂಶಯವನ್ನು ಬಾಯಿ ಬಿಟ್ಟು ಹೇಳಲಿಲ್ಲವಲ್ಲ ಎಂಬುದು ಒಳಗೇ ಕೊರೆಯುತ್ತಿತ್ತು.

ಮರುದಿನ ಮಂಜುಗಡ್ಡೆ ಕಾರ್ಖಾನೆಗೆ ಹೋದಳು. ದೇವು ಗಡ್ಡೆಗಳನ್ನು ಎಳೆದು ಲಾರಿಗೆ ಹಾಕುತ್ತಿದ್ದ. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು: ಚುಕ್ಕೆ ಇಟ್ಟದ್ದು, ಕೀ ಯಾಕೆ ತೆಗೆದುಕೊಂಡದ್ದು, ಅಣ್ಣ ಪೆಟ್ಟಿಗೆ ಇಟ್ಟದ್ದು. "ತಪ್ಪಾಯ್ತ್ ದೇವು" ಎಂದಳು.

ದೇವು ಕೈಯನ್ನು ಲುಂಗಿಗೆ ಒರೆಸಿಕೊಂಡ. "ಕೀ ಕೇಂಡದ್ದಕ್ಕೆ ಬೇಜಾರಿಲ್ಲ ಅತ್ತಿಗೆ. ಎಂತಕೆ ಅಂದ್ಹೇಳಿ ಕೇಂಡ್ರೆ ಒಂದ್ ಮಾತ್ ಹೇಳ್ಲಿಲ್ಲ ಅಲ್ದಾ." ಮತ್ತೆ ಗಡ್ಡೆಗೆ ಕೊಕ್ಕೆ ಹಾಕಿದ.

ರತ್ನಳನ್ನು ಮಾತಾಡಿಸುವುದು ಸುಲಭವಾಯಿತು. ಅವಳಿಗೆ ಸುಗುಣ ಮಾತು ಬಿಟ್ಟ ಕಾರಣವೇ ಗೊತ್ತಿರಲಿಲ್ಲ. ಹೊಸ ಬ್ಯಾಟರಿ ಮಳೆಗಾಲದ ಮೀನುಗಾರಿಕೆ ರಜೆ ದಾಟಿದರೂ ಕೈಕೊಡಲಿಲ್ಲ. ದೇವು ಡ್ರೈವರಾಗಿ ಮರಳಲಿಲ್ಲ. ಬಲೆಗೆ ಭಾರೀ ಮೀನು ಬಿದ್ದ ದಿನ ಫೋನು ಮಾಡಿದರೆ ಮಂಜುಗಡ್ಡೆ ತಂದು, ಕ್ರೇಟು ಏರಿಸಿ ಕೊಟ್ಟು, ಚಾ ಬೇಡವೆಂದು ಹೋಗುತ್ತಿದ್ದ. ದೀಪಾವಳಿ ಕಳೆದ ಮೇಲೆ ಒಂದು ದಿನ ಕೂತು ಚಾ ಕುಡಿದ.