ನನ್ನ ಗಂಡ ನರ್ಸು

ನನ್ನ ಗಂಡ ನರ್ಸು. ಈ ಮಾತು ಹೇಳಿದ ಮೇಲೆ ನಾನು ಎದುರಿನವರ ಮುಖವನ್ನೇ ನೋಡುತ್ತೇನೆ. ಕೆಲವರು ತಮಾಷೆ ಅಂದುಕೊಂಡು ನಗುತ್ತಾರೆ. ಕೆಲವರು "ಪಾಪ" ಅನ್ನುತ್ತಾರೆ. ಎದುರುಮನೆಯ ವಕೀಲರು ಮಾತ್ರ ಬಹಳ ಮರ್ಯಾದೆಯಿಂದ, "ಡಾಕ್ಟರ್ ಸೀಟು ಎಷ್ಟು ಮಾರ್ಕಿಗೆ ತಪ್ಪಿತು?" ಎಂದು ಕೇಳಿದರು. "ನಿಮಗೆ ಜಡ್ಜ್ ಆಗೋದು ಎಷ್ಟರಲ್ಲಿ ತಪ್ಪಿತು?" ಎಂದೆ. ಅಂದಿನಿಂದ ಅವರು ಬಟ್ಟೆ ಹೊಲಿಸಲು ಬೇರೆ ಬೀದಿಗೆ ಹೋಗುತ್ತಾರೆ.

ನನ್ನದು ಹೊಲಿಗೆ ಅಂಗಡಿ. ಮೆಷಿನ್ನು ಬೀದಿ ಬಾಗಿಲಲ್ಲೇ ಇರುವುದರಿಂದ ಬೀದಿಯ ಮಾತೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತದೆ. "ಗಂಡಸರಿಗೆ ಯಾಕೆ ಬೇಕಿತ್ತು, ಅದು ಹೆಂಗಸರ ಕೆಲಸ ಅಲ್ವಾ" ಅಂದ ಪಕ್ಕದ ಮನೆಯಾಕೆಗೆ, ತೊಂಬತ್ತು ಕಿಲೋ ತೂಕದ ರೋಗಿಯನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಾ, ಆಮೇಲೆ ಮಾತಾಡೋಣ ಅಂದೆ. "ಇಂಜೆಕ್ಷನ್ ಚುಚ್ಚೋದು, ಡಾಕ್ಟ್ರ ಹಿಂದೆ ಓಡಾಡೋದು, ಅಷ್ಟೇ ತಾನೆ" ಅಂದವರೊಬ್ಬರ ಪ್ಯಾಂಟನ್ನು ಸೊಂಟದಲ್ಲಿ ಅರ್ಧ ಇಂಚು ಬಿಗಿಯಾಗಿ ಹೊಲಿದೆ. ನನಗೆ ಸಿಟ್ಟು ಬಂದರೆ ಟೇಪೂ ನನ್ನ ಮಾತು ಕೇಳುವುದಿಲ್ಲ.

ಇವರಿಗೆ ಸಿಟ್ಟೇ ಬರುವುದಿಲ್ಲ. ಬೀದಿಯಲ್ಲಿ ಇವರನ್ನು ಕಂಡ ಕೂಡಲೇ ನಾಲಿಗೆ ಚಾಚುವವರಿದ್ದಾರೆ. ಅಣಕಿಸಲು ಅಲ್ಲ, ಪರೀಕ್ಷೆಗೆ. ಮೂಲೆ ಅಂಗಡಿಯ ಯಜಮಾನರು ಗಿರಾಕಿಯನ್ನು ನಿಲ್ಲಿಸಿ, ಅಂಗಿ ಬಿಚ್ಚಿ, ಕಂಕುಳಿನ ಕುರು ತೋರಿಸಿದ್ದರು. ಇವರಿಗೆ ಲೋಕದ ಮಾತ್ರೆಗಳೆಲ್ಲ ಬಾಯಿಪಾಠ ಎಂದು ಬೀದಿಯ ನಂಬಿಕೆ. ಡಾಕ್ಟರು ಹೇಳಿಕೊಡದಿದ್ದರೆ ಇವರಿಗೆ ಏನೂ ಗೊತ್ತಿಲ್ಲ ಎನ್ನುವುದೂ ಅದೇ ಬೀದಿಯ ನಂಬಿಕೆ. ಎರಡೂ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತವೋ ಕಾಣೆ.

ಮನೆಯೊಳಗೆ ಮಾತ್ರ ಇವರ ಕಾಟ ಹೇಳತೀರದು. ಕೈ ತೊಳೆಯುವಾಗ ಇಪ್ಪತ್ತರ ತನಕ ಎಣಿಸಬೇಕು. ಮಾತ್ರೆ ನುಂಗುವ ಮೊದಲು ಅದರ ತಾರೀಖು ಓದಬೇಕು. ನಿನ್ನೆ ಉಳಿದದ್ದನ್ನು ಇವತ್ತು ಮೂಸಿಯೂ ನೋಡಬಾರದು. ನಾನು ಎಲ್ಲದಕ್ಕೂ "ಹೂಂ" ಅಂದು, ಇವರು ಅತ್ತ ಹೋದ ಮೇಲೆ ನನಗೆ ತೋಚಿದ್ದನ್ನು ಮಾಡುತ್ತೇನೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇದರಿಂದ ಯಾರೂ ಸತ್ತಿಲ್ಲ.

ಇನ್ನು ನಮ್ಮ ಅಪ್ಪ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಅವರ ಲೆಕ್ಕದಲ್ಲಿ ಲೋಕದ ಜನ ಎರಡೇ ತರ, ಡ್ರೈವರು ಮತ್ತು ಕಂಡಕ್ಟರು. "ಡಾಕ್ಟ್ರು ಡ್ರೈವರ್ ಇದ್ದಹಾಗೆ. ನಮ್ಮ ಅಳಿಯಂದ್ರು ಕಂಡಕ್ಟರ್. ತಪ್ಪೇನಿಲ್ಲ, ಅದೂ ಒಂದು ಕೆಲಸವೇ," ಅನ್ನುತ್ತಿದ್ದರು. ನೆಂಟರ ಮುಂದೆ "ಅಳಿಯಂದ್ರು ದೊಡ್ಡ ಆಸ್ಪತ್ರೆಯಲ್ಲಿದ್ದಾರೆ" ಎಂದಷ್ಟೇ ಹೇಳಿ ಮಾತು ಬದಲಿಸುವರು. ಡಾಕ್ಟರಾಗಿ ಇದ್ದಾರೋ ರೋಗಿಯಾಗಿ ಇದ್ದಾರೋ, ಕೇಳಿದವರೇ ಊಹಿಸಿಕೊಳ್ಳಬೇಕು.

ಅಂಥ ಅಪ್ಪನಿಗೆ ಹರ್ನಿಯಾ ಆಯಿತು. ಆಪರೇಷನ್ನಿಗೆ ಸೇರಿಸಿದ್ದು ಇವರದೇ ವಾರ್ಡಿಗೆ. ಸಂಜೆ ದೊಡ್ಡ ಡಾಕ್ಟರು ಬಂದು, ಹೊಟ್ಟೆ ಒತ್ತಿ, "ನಾಳೆ ಒಂಬತ್ತಕ್ಕೆ" ಎಂದು ಹೇಳಿ ಹೋದರು. ಡ್ಯೂಟಿ ಮುಗಿಸಿ ಮನೆಗೆ ಹೊರಟ ಇವರು ನನ್ನ ಬಳಿ ಬಂದು, "ರಾತ್ರಿ ಹತ್ತರ ಮೇಲೆ ಮಾವನಿಗೆ ಏನೂ ಕೊಡಬೇಡ, ನೀರೂ ಬೇಡ" ಅಂದರು. ನಾನು "ಹೂಂ" ಅಂದೆ.

ಬೆಳಿಗ್ಗೆ ಆರಕ್ಕೆ ಅಪ್ಪ ಎದ್ದು ಕೂತರು. ಹಾಸಿಗೆ ಬಿಟ್ಟ ತಕ್ಷಣ ಹಾಲು, ಬ್ರೆಡ್ಡು ಅವರ ಜೀವಮಾನದ ಅಭ್ಯಾಸ.

"ಒಂಬತ್ತರ ತನಕ ಹೀಗೇ ಇದ್ರೆ ಆಪರೇಷನ್ ಬೇಕಾಗಲ್ಲ ಕಣಮ್ಮ, ಹಸಿವೇ ನನ್ನನ್ನ ಮುಗಿಸುತ್ತೆ."

"ಬೇಡ ಅಂದಿದ್ದಾರಪ್ಪ."

"ಯಾರು, ಡಾಕ್ಟ್ರಾ?"

"ಅಲ್ಲ, ಇವರು."

"ಓ, ಅಳಿಯಂದ್ರಾ," ಎಂದು ಅಪ್ಪ ಗಂಡಾಂತರ ತಪ್ಪಿದವರ ಹಾಗೆ ಉಸಿರು ಬಿಟ್ಟರು.

ನಾನು ಯೋಚಿಸಿದೆ. ಅಷ್ಟು ದೊಡ್ಡ ವಿಷಯವಾಗಿದ್ದರೆ ಡಾಕ್ಟರೇ ಹೇಳುತ್ತಿರಲಿಲ್ಲವೇ. ಹಾಲೇನು ಊಟವೇ. ಹೊಟ್ಟೆ ಕೊಯ್ಯಿಸಿಕೊಳ್ಳುವ ಮನುಷ್ಯನಿಗೆ ಒಂದಿಷ್ಟು ಶಕ್ತಿ ಬೇಡವೇ. ಕ್ಯಾಂಟೀನಿನಿಂದ ಹಾಲು, ಬ್ರೆಡ್ಡು ತಂದು, ವಾರ್ಡಿನ ಆ ತುದಿಯಲ್ಲಿದ್ದ ನರ್ಸಮ್ಮನಿಗೆ ಕಾಣದ ಹಾಗೆ ಅಡ್ಡ ನಿಂತೆ. ಅಪ್ಪ ಹೊದಿಕೆಯೊಳಗೆ ತಲೆ ಹಾಕಿಕೊಂಡು ಮುಗಿಸಿದರು. ಬಿದ್ದ ಪುಡಿಯನ್ನು ನಾನೇ ಕೊಡವಿದೆ.

ಎಂಟೂವರೆಗೆ ಇವರು ಫೈಲು ಹಿಡಿದು ಬಂದರು. ಹಿಂದೆಯೇ ಸ್ಟ್ರೆಚರ್ ಬಂತು.

"ನಿಮ್ಮ ಹೆಸರು ಹೇಳಿ," ಎಂದು ಅಪ್ಪನನ್ನು ಕೇಳಿದರು.

ಅಪ್ಪ ನನ್ನ ಕಡೆ ತಿರುಗಿ, "ಹದಿನಾಲ್ಕು ವರ್ಷ ಆಯ್ತು, ಇನ್ನೂ ಮಾವನ ಹೆಸರು ಗೊತ್ತಿಲ್ಲ ನೋಡು," ಅಂದರು.

"ಎಲ್ಲರನ್ನೂ ಕೇಳ್ತೀವಿ ಮಾವ. ಯಾವ ಕಡೆ ಆಪರೇಷನ್ನು?"

"ಎಡಗಡೆ. ಅದೂ ಗೊತ್ತಿಲ್ವಾ?"

"ಕೊನೇ ಸಲ ಏನಾದ್ರೂ ತಿಂದಿದ್ದು, ಕುಡಿದಿದ್ದು ಎಷ್ಟು ಗಂಟೆಗೆ?"

"ರಾತ್ರಿ ಎಂಟಕ್ಕೆ," ಎಂದರು ಅಪ್ಪ, ಕಣ್ಣು ಮಿಟುಕಿಸದೆ. ನನ್ನ ಮಾನ ಉಳಿಸಲು ಹೇಳಿದ್ದು. ಇವರು ಬರೆದುಕೊಂಡರು. ಸ್ಟ್ರೆಚರಿನ ಜೊತೆ ಇವರೂ ಹೊರಟರು. ಎಲ್ಲ ಸಲೀಸಾಗಿ ಮುಗಿಯಿತು ಎಂದು ನಾನು ಸ್ಟೂಲಿನ ಮೇಲೆ ಕೂತೆ.

ಪಕ್ಕದ ಮಂಚದ ಅಜ್ಜನಿಗೂ ಅಂದೇ ಆಪರೇಷನ್ನು. ಅಜ್ಜನ ಸೊಸೆ ನನ್ನ ಕಡೆ ಬಾಗಿ, "ನಮ್ಮ ಮಾವ ಬೆಳಿಗ್ಗೆಯಿಂದ ಒಂದು ಗುಟುಕು ನೀರಿಗೆ ಗೋಗರೀತಿದ್ದಾರೆ, ನಾನು ಕೊಟ್ಟಿಲ್ಲ," ಅಂದಳು. "ನಿಮ್ಮ ಯಜಮಾನ್ರು ನಿನ್ನೆ ಅರ್ಧ ಗಂಟೆ ಕೂತು ಬಿಡಿಸಿ ಹೇಳಿದ್ರು. ಹೊಟ್ಟೇಲಿ ಏನಾದ್ರೂ ಇದ್ರೆ, ಮತ್ತು ಬರೋ ಔಷಧಿ ಕೊಟ್ಟಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದುಬಿಡುತ್ತಂತೆ. ಜೀವಕ್ಕೇ ಅಪಾಯವಂತೆ. ಹಾಲಂತೂ ಬೇಡವೇ ಬೇಡ ಅಂದ್ರು."

ನಾನು ಎದ್ದುಬಿಟ್ಟೆ. ಚಪ್ಪಲಿ ಮಂಚದ ಕೆಳಗೇ ಉಳಿಯಿತು. ಥಿಯೇಟರಿನ ಬಾಗಿಲು ತೆರೆಯುತ್ತಿದ್ದಾಗ ಓಡಿ ಹೋಗಿ ಸ್ಟ್ರೆಚರಿನ ಕಂಬಿ ಹಿಡಿದುಕೊಂಡೆ.

"ರೀ, ನಿಲ್ಸಿ. ನಾನು ಅಪ್ಪನಿಗೆ ಹಾಲು ಕೊಟ್ಟಿದ್ದೀನಿ. ಬ್ರೆಡ್ಡೂ ಕೊಟ್ಟಿದ್ದೀನಿ."

ಲಿಫ್ಟಿನವನು, ನೆಲ ಒರೆಸುತ್ತಿದ್ದಾಕೆ, ಕಾಯುತ್ತಿದ್ದ ಏಳೆಂಟು ಜನ, ಎಲ್ಲರೂ ನನ್ನನ್ನೇ ನೋಡಿದರು. ಇವರು ಪೆನ್ನು ತೆಗೆದರು.

"ಎಷ್ಟು ಗಂಟೆಗೆ?"

"ಆರೂಕಾಲು."

"ಎಷ್ಟು ಹಾಲು?"

"ಒಂದು ಲೋಟ."

"ಬ್ರೆಡ್ಡು?"

"ಎರಡು."

"ಮೂರು," ಎಂದರು ಅಪ್ಪ, ಮಲಗಿದಲ್ಲಿಂದಲೇ.

ಒಳಗಿನಿಂದ ದೊಡ್ಡ ಡಾಕ್ಟರು ತಲೆ ಹೊರಹಾಕಿ ಯಾಕೆ ತಡ ಎಂದು ಕೇಳಿದರು. "ಇವರದ್ದು ಇವತ್ತು ಆಗಲ್ಲ ಸರ್, ಹೊಟ್ಟೆ ಖಾಲಿ ಇಲ್ಲ," ಎಂದರು ಇವರು. ಡಾಕ್ಟರು ಇವರ ಜನ್ಮ ಜಾಲಾಡುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. "ಸರಿ, ಮುಂದಿನವರನ್ನ ಕರೆಸಿ," ಎಂದು ಡಾಕ್ಟರು ಒಳಗೆ ಹೋದರು. ಅಷ್ಟೇ.

ಅಪ್ಪ ಒಮ್ಮೆ ಮುಚ್ಚಿದ ಬಾಗಿಲನ್ನು, ಒಮ್ಮೆ ಅಳಿಯನನ್ನು ನೋಡಿದರು. "ಕಂಡಕ್ಟರ್ ಸೀಟಿ ಊದಿದ ಮೇಲೆ ಬಸ್ಸು ನಿಲ್ಲಿಸಲೇಬೇಕು. ಊದದೇ ಇದ್ದಿದ್ರೆ ನಾನು ಮೂವತ್ತೊಂದು ವರ್ಷದಲ್ಲಿ ಎಷ್ಟು ಜನರ ಮೇಲೆ ಹತ್ತಿಸ್ತಿದ್ದೆನೋ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮರುದಿನ ಅವರ ಆಪರೇಷನ್ ಸುಸೂತ್ರವಾಗಿ ಆಯಿತು. ಇಲ್ಲೇ ಹೇಳಿಬಿಡುತ್ತೇನೆ, ನೀವು ಅಪ್ಪನ ಚಿಂತೆ ಬಿಡಿ. ನನ್ನ ಚಿಂತೆ ಬೇರೆ ಇತ್ತು. ಆಪರೇಷನ್ ನಿಂತ ದಿನ ಮಧ್ಯಾಹ್ನ ಇವರು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು.

"ಬೈದುಬಿಡಿ," ಅಂದೆ. "ತಪ್ಪು ಯಾರದ್ದು ಅಂತ ರಿಪೋರ್ಟ್ ಬರೀಬೇಕಂತೆ. ನನ್ನ ಹೆಸರು ಬರೆದಾಯ್ತಾ?"

"ನನ್ನ ಹೆಸರು ಬರೆದೆ."

"ನಿಮ್ಮದ್ಯಾಕೆ?"

"ಯಾಕೆ ಕೊಡಬಾರದು ಅಂತ ಪಕ್ಕದ ಮಂಚದವರಿಗೆ ಅರ್ಧ ಗಂಟೆ ಹೇಳಿದೆ. ನಿನಗೆ ಒಂದು ಮಾತು ಹೇಳಿ ಮನೆಗೆ ಹೋದೆ. ನರ್ಸಿನ ಹೆಂಡತಿ ಅಲ್ವಾ, ಇದೆಲ್ಲ ಗೊತ್ತಿರುತ್ತೆ ಅಂದ್ಕೊಂಡೆ."

ನನಗೆ ಅಳು ಬಂತು. ಇವರ ಕೆಲಸಕ್ಕಾಗಿ ನಾನು ಇಡೀ ಬೀದಿಯ ಜೊತೆ ಜಗಳ ಕಾದವಳು. ಆದರೆ ಆ ವಾರ್ಡಿನಲ್ಲಿ ಇವರು ಬೆಳಗಿನಿಂದ ಸಂಜೆಯ ತನಕ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದ್ದರೆ, ಇಂಜೆಕ್ಷನ್ನು ಬಿಟ್ಟು ಎರಡನೇ ಮಾತು ನನಗೆ ಹೊಳೆಯುತ್ತಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಬೆಳಿಗ್ಗೆ ವಾರ್ಡಿಗೆ ಬಂದ ತಕ್ಷಣ ಮೊದಲು ಏನು ಮಾಡ್ತೀರಿ?" ಎಂದು ಕೇಳಿದೆ.

ಗೇಲಿ ಮಾಡುತ್ತಿದ್ದೇನೋ ಎಂದು ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಲು ಶುರು ಮಾಡಿದರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಇವರ ಕೆಲಸದ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.