ಅಕ್ಕ ಆರಿಸಿದ ಕೀಬೋರ್ಡು

ನಿನ್ನೆ ಬೆಳಿಗ್ಗೆ ಕಸ ಗುಡಿಸುವಾಗ ಮೇಜಿನ ಕೆಳಗಿಂದ ಒಂದು ರಟ್ಟಿನ ಡಬ್ಬಿ ಪೊರಕೆಗೆ ಸಿಕ್ಕಿ ಹೊರಬಂತು. ಅದರ ಮೇಲೆ ಬಾಯಿಂದ ಬೆಂಕಿ ಉಗುಳುವ ಮೃಗದ ಚಿತ್ರ. ಗೇಮ್ ಆಡುವವರ ಕೀಬೋರ್ಡಿನ ಡಬ್ಬಿ ಅದು. ನಮ್ಮ ಮನೆಯಲ್ಲಿ ಗೇಮ್ ಆಡುವವರು ಯಾರೂ ಇಲ್ಲ. ಕೀಬೋರ್ಡು ಅಕ್ಕನದು. "ಈ ಮಾರಿ ನೋಡಿದ್ರ ನನ್ನ ಗಿರಾಕಿ ಓಡಿ ಹೋಗ್ತಾರ, ನೀನೇ ಇಟ್ಗೊ" ಎಂದು ಡಬ್ಬಿಯನ್ನು ಮಾತ್ರ ನನ್ನಲ್ಲಿ ಬಿಟ್ಟುಹೋಗಿದ್ದಳು.

ದೇವದುರ್ಗದಲ್ಲಿ ತಾಲೂಕು ಕಚೇರಿಯ ಎದುರು ಅಕ್ಕನದೊಂದು ಸಣ್ಣ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿ ಕೂರಲು ಒಂದು ಬೆಂಚು. ಜನರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಾಳೆ. ಕ್ರಮವಾಗಿ ಟೈಪಿಂಗ್ ಕಲಿತವಳಲ್ಲ. ಅಕ್ಷರ ನೋಡಿ ನೋಡಿ ಎರಡು ಬೆರಳಲ್ಲಿ ಒತ್ತುತ್ತಾಳೆ. ಆ ಎರಡು ಬೆರಳ ದುಡಿಮೆಯಲ್ಲೇ ನಾನು ಎಂ.ಎ. ಮುಗಿಸಿದೆ, ಈಗ ರಾಯಚೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ.

ಹೋದ ಚಳಿಗಾಲದಲ್ಲಿ ಅವಳ ಫೋನು ಬಂತು.

"ತಂಗಿ, ಬಣ್ಣಬಣ್ಣದ ಲೈಟ್ ಹತ್ತತಾವಲ್ಲ, ಅಂಥಾ ಕೀಬೋರ್ಡ್ ಬೇಕು ನನಗ. ಸಾವಿರದೊಳಗ ಬರಬೇಕು ನೋಡು."

"ಯಕ್ಕಾ, ಗೇಮ್ ಆಡಾಕ ಸುರು ಮಾಡಿದೇನು?"

"ಹೂನ್ ಬೇ. ಐವತ್ತು ಆಗಾಕ ಬಂತು, ಇನ್ನ ಯಾವಾಗ ಆಡ್ಲಿ?"

ನಕ್ಕೆ. ಆಮೇಲೆ ಓದಿದವರ ಚಟ ನೋಡಿ, ಮೂರು ದಿನ ಕೂತು ಇಂಟರ್ನೆಟ್ಟಿನಲ್ಲಿ ಕೀಬೋರ್ಡುಗಳ ಗುಣದೋಷ ಓದಿದೆ. ಮೆಕ್ಯಾನಿಕಲ್ ಅಂದರೇನು, ಮೆಂಬ್ರೇನ್ ಅಂದರೇನು, ಒತ್ತಿದಾಗ ಟಕಟಕ ಅನ್ನಬೇಕೋ ಮೆತ್ತಗಿರಬೇಕೋ ಎಂದೆಲ್ಲ ಪಟ್ಟಿ ಮಾಡಿದೆ. ಇದು ನಿನಗೆ ಯಾಕೆ ಬೇಕು ಎಂದು ಮಾತ್ರ ಕೇಳಲಿಲ್ಲ. ಹೊಸ ಸೀರೆಯ ಆಸೆಯಂತೆ ಇದೂ ಒಂದು ಎಂದುಕೊಂಡಿದ್ದೆ.

ರಾಯಚೂರಿನ ಅಂಗಡಿಗೆ ನಾವಿಬ್ಬರೂ ಹೋದದ್ದು ಮಟಮಟ ಮಧ್ಯಾಹ್ನ. ಅಂಗಡಿಯವನು, "ಬರ್ರಿ ಮೇಡಂ. ಹುಡುಗ ಯಾವ ಗೇಮ್ ಆಡ್ತಾನ್ರೀ?" ಎಂದ.

"ಹುಡುಗ ಇಲ್ಲಪ್ಪ, ನಾನೇ ಆಡಾಕಿ," ಎಂದಳು ಅಕ್ಕ. "ಅರ್ಜಿ ಗೇಮ್."

ಅವನು ಮೂರು ಕೀಬೋರ್ಡು ತಂದು ಜೋಡಿಸಿ ಲೈಟು ಹೊತ್ತಿಸಿದ. ನಾನು ಪಟ್ಟಿ ತೆಗೆದು ಪ್ರಶ್ನೆ ಶುರುಮಾಡುವಷ್ಟರಲ್ಲಿ ಅಕ್ಕ ಮೊದಲನೆಯದನ್ನು ಹತ್ತಿರಕ್ಕೆಳೆದು, ಬಗ್ಗಿ, ತನ್ನ ತಲೆಗೂ ಅದಕ್ಕೂ ಸೇರಿಸಿ ಸೆರಗು ಮುಚ್ಚಿಕೊಂಡುಬಿಟ್ಟಳು. ಅಂಗಡಿಯವನು ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ. ನನ್ನ ವಿದ್ಯಾರ್ಥಿಗಳು ಯಾರೂ ಈಗ ಒಳಗೆ ಬರದಿರಲಿ ಎಂದು ಮನಸ್ಸು ಹೇಳಿಕೊಳ್ಳುತ್ತಿತ್ತು.

ಸೆರಗಿನೊಳಗಿಂದ ತೀರ್ಪು ಬಂತು: "ಇದು ಬ್ಯಾಡ. ಸುತ್ತ ಬೆಳಕದ, ಅಕ್ಷರ ಕತ್ತಲಾಗೇ ಅದಾವ."

ಎರಡನೆಯದು ಒಳಗೆ ಹೋಯಿತು. "ಇದು ಹತ್ತತದ, ಆರತದ. ಆರಿದಾಗ ನಾ ಏನ್ ಮಾಡ್ಲಿ? ಬ್ಯಾಡ."

ಮೂರನೆಯದೂ ಒಳಗೆ ಹೋಯಿತು. ಆಮೇಲೆ, "ಒಳಗ ಬಾ ಇಲ್ಲಿ."

ನಾಚಿಕೆಯನ್ನು ಹೊರಗೆ ಬಿಟ್ಟು ನಾನೂ ತಲೆ ತೂರಿಸಿದೆ. ಅಕ್ಷರಗಳೇ ಹೊತ್ತಿಕೊಂಡಿದ್ದವು, ಒಂದು ಸಾಲು ಕೆಂಪು, ಒಂದು ಸಾಲು ಹಸಿರು, ಒಂದು ನೀಲಿ. ಅಕ್ಕ ಅಂಗಡಿಯವನಿಗೆ ಕೇಳದಂತೆ ಪಿಸುಗುಟ್ಟಿದಳು: "ಹೊತ್ತು ಮುಣುಗಿದ್ರ ನನಗ ಕಾಣಂಗಿಲ್ಲ. ಕರೆಂಟ್ ಹೋದ್ರ ಬ್ಯಾಟರಿ ಮ್ಯಾಲ ಪರದೆ ಹತ್ತತದ, ಕೆಳಗ ಅಕ್ಷರ ಕಾಣಂಗಿಲ್ಲ. ಒಬ್ಬ ಮುದುಕನ ಹೊಲದ ಸರ್ವೆ ನಂಬರ್ ತಪ್ಪು ಒತ್ತೀನಿ. ಅರ್ಜಿ ವಾಪಸ್ ಬಂತು. ಮಷೀನ್ ತಪ್ಪು ಅಂತ ಅವಗ ಸುಳ್ಳು ಹೇಳೀನಿ. ಇನ್ನೊಮ್ಮೆ ಹಂಗಾದ್ರ ಅಂಗಡಿ ಮುಚ್ಚತೀನಿ ಬೇ, ಆಣಿ ಮಾಡೀನಿ."

"ಯಾವಾಗಿಂದ ಕಾಣಂಗಿಲ್ಲ?"

"ಸಣ್ಣಾಕಿ ಇದ್ದಾಗಿಂದ. ಡಾಕ್ಟರೂ ನೋಡ್ಯಾರ, ಔಷಧ ಇಲ್ಲಂತ. ಇಲ್ಲಂದ್ರ ನಿನ್ನ ಕೈ ಯಾಕ ಹಿಡಕೊಂಡು ಬರ್ತಿದ್ದೆ?"

ಇಲ್ಲಿ ನಿಮಗೆ ನಮ್ಮ ಬಾಗಲವಾಡದ ದಾರಿ ಹೇಳಬೇಕು. ಮಾನ್ವಿಯ ಶಾಲೆ ಮುಗಿಸಿ, ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಅಕ್ಕ ನನ್ನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ನನಗೆ ಕತ್ತಲೆಂದರೆ ಭಯ, ಅಕ್ಕ ಕೈಹಿಡಿದು ನಡೆಸಿದಳು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೈಸ್ಕೂಲಿನ ಡೈರಿಯಲ್ಲೂ ಬರೆದಿದ್ದೇನೆ: "ಅಕ್ಕ ಇವತ್ತೂ ಕೈ ಬಿಡಲಿಲ್ಲ." ಆಧಾರ ಸರಿಯಾಗಿಯೇ ಇದೆ, ಅರ್ಥ ಮಾಡಿಕೊಂಡದ್ದು ತಪ್ಪು. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಅಂಕ ಕಳೆಯುತ್ತಿದ್ದೆ.

ನನಗೆ ಭಯ ಎಂದು ಮೊದಲು ಹೇಳಿದವರು ಯಾರು? ಅಕ್ಕನೇ. "ಯವ್ವಾ, ಇಕಿಗಿ ಕತ್ತಲಂದ್ರ ಅಂಜಿಕಿ, ನನ್ನ ಕೈ ಬಿಡಂಗಿಲ್ಲ." ಅವ್ವ ನಂಬಿದಳು, ನಾನೂ ನಂಬಿ, ನಿಜಕ್ಕೂ ಅಂಜತೊಡಗಿದೆ. ಆ ದಾರಿಯನ್ನು ನೆನೆದಾಗಲೆಲ್ಲ ಅಕ್ಕ ನನಗಿಂತ ಒಂದು ಹೆಜ್ಜೆ ಮುಂದಿರುತ್ತಿದ್ದಳು. ಆ ಮಧ್ಯಾಹ್ನದಿಂದೀಚೆಗೆ ಅರ್ಧ ಹೆಜ್ಜೆ ಹಿಂದೆ ಕಾಣುತ್ತಾಳೆ. ಯಾವುದು ನೆನಪು, ಯಾವುದು ನಾನು ಆಮೇಲೆ ತಿದ್ದಿದ್ದು, ಹೇಳಲಾರೆ.

ಮೂರನೆಯದನ್ನೇ ಕೊಂಡೆವು. ನನ್ನ ಪಟ್ಟಿಯಲ್ಲಿ ಅದು ಕೊನೆಯದಾಗಿತ್ತು.

ಡಬ್ಬಿ ಕಂಡ ನೆಪಕ್ಕೆ ನಿನ್ನೆ ಸಂಜೆ ದೇವದುರ್ಗಕ್ಕೆ ಹೋದೆ. ನಾನು ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಬಣ್ಣದ ಅಕ್ಷರಗಳ ಮೇಲೆ ಅಕ್ಕನ ಎರಡು ಬೆರಳು ಓಡಾಡುತ್ತಲೇ ಇದ್ದವು. ಎದುರಿಗೆ ನಿಂತಿದ್ದವನು ಸರ್ವೆ ನಂಬರಿನ ಅದೇ ಮುದುಕ, ಬೇರೊಂದು ಅರ್ಜಿಗೆ ಬಂದಿದ್ದ. ಟೈಪು ಮಾಡುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು.

"ಯಪ್ಪಾ, ಅವತ್ತಿನ ತಪ್ಪು ಮಷೀನಿಂದಲ್ಲ, ನಂದು. ನನಗ ಕತ್ತಲಾಗ ಕಾಣಂಗಿಲ್ಲ."

"ನಾಕು ಸಲ ಬಸ್ ಹತ್ತೀನವ್ವಾ ಅದಕ," ಎಂದ ಮುದುಕ. ಮತ್ತೆ, "ನಂಬರ್ ಓದು. ಎರಡು ಸಲ ಓದು," ಎಂದ. ಅಕ್ಕ ಎರಡು ಸಲ ಓದಿದಳು. ಅವನು ಬೇರೆ ಅಂಗಡಿಗೆ ಹೋಗಲಿಲ್ಲ.

ಬಾಗಿಲು ಹಾಕಿ ಬೀದಿಗಿಳಿದಾಗ ಅಕ್ಕ ತಾನಾಗಿ, "ಕೈ ಕೊಡು," ಎಂದಳು. ಕೊಟ್ಟೆ. ಈಗ ಎಲ್ಲ ಗೊತ್ತಾದವಳಲ್ಲವೇ ನಾನು, ಜವಾಬ್ದಾರಿ ತಲೆಗೇರಿತ್ತು. "ಇಲ್ಲಿ ಮೆಟ್ಲ ಅದ. ಇಲ್ಲಿ ಗಟಾರ. ಕಲ್ಲು ಅದ, ಹುಷಾರ್..."

ಅಕ್ಕ ಕೈ ಜಗ್ಗಿದಳು.

"ಸಣ್ಣಾಕಿ ಇದ್ದಾಗ ಏನೂ ಹೇಳ್ತಿರಲಿಲ್ಲ ನೀನು. ಸುಮ್ಮನ ನಡೀತಿದ್ದಿ, ನಾ ಬರ್ತಿದ್ದೆ. ಹಂಗ ನಡಿ."