ಕಲ್ಲಿದ್ದಲಿನ ಚಹಾ

ವಿದ್ಯುತ್ ಸ್ಥಾವರದ ಕ್ಯಾಂಟೀನ್ ನಡೆಸುವ ಹೆಂಗಸನ್ನು ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್ ಸಾಹೇಬರವರೆಗೆ ಎಲ್ಲರೂ ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಇಷ್ಟೊಂದು ಮೈದುನರನ್ನು ಸಂಭಾಳಿಸುವುದೇನು ಹುಡುಗಾಟವೇ? ಅರ್ಧ ಆಯುಷ್ಯ ಒಲೆ ಊದಿ ಊದಿ ಅವಳ ಎದೆ ಹಳೇ ಹಾರ್ಮೋನಿಯಂ ಆಗಿತ್ತು. ಕೂತರೆ ಕೆಮ್ಮು, ನಿಂತರೆ ಕೆಮ್ಮು. ಕೊನೆಗೆ ಕಾಡಿ ಬೇಡಿ ಆಫೀಸಿನಿಂದ ಒಂದು ಗ್ಯಾಸ್ ಒಲೆ ಗಿಟ್ಟಿಸಿಕೊಂಡಳು, ಕೆಮ್ಮು ನಿಂತಿತು. ಆ ಒಲೆಯನ್ನು ಅವಳು ಒರೆಸುವ ಚೆಂದ ನೋಡಿ ಗಂಡನಿಗೆ ಹೊಟ್ಟೆಕಿಚ್ಚು. "ನನ್ನ ಮುಖ ಒಂದಿನ ಹೀಗೆ ಒರೆಸಿದ್ದುಂಟಾ?" ಅಂತ ಲೋಟ ತೊಳೆಯುತ್ತ ಗೊಣಗುತ್ತಿದ್ದ.

ಹೀಗಿರುವಾಗ ರಾಜಧಾನಿಯಿಂದ ದೊಡ್ಡವರ ತಂಡ ಬರುತ್ತದೆಂದು ಸುದ್ದಿ ಬಂತು. ದೇಶಕ್ಕೆ ಕರೆಂಟು ಸಾಲದು, ಒಳ್ಳೆಯ ಕಲ್ಲಿದ್ದಲು ಹೊರಗಿನಿಂದ ತರಿಸುವ ತಾಕತ್ತಿಲ್ಲ. ಪಕ್ಕದ ಗಣಿಯ ಕಳಪೆ ಮಾಲಿನಲ್ಲೇ ಕೆಲಸ ಸಾಗೀತೇ ಅಂತ ನೋಡಬೇಕಿತ್ತು. ಮಾಲೋ, ಅರ್ಧಕ್ಕರ್ಧ ಮಣ್ಣು. ಬಾಯ್ಲರಿನವರು ಅದನ್ನು ನುಣ್ಣಗೆ ಪುಡಿಮಾಡಿ, ಎಣ್ಣೆ ಸುರಿದು, ಹೇಗೋ ಉರಿಸಿ ಮರ್ಯಾದೆ ಉಳಿಸಿಕೊಂಡಿದ್ದರು. ಸಾಹೇಬರ ತಲೆಗೆ ಏನು ಹೊಕ್ಕಿತೋ!

"ಅತ್ತಿಗೆ, ಅವರಿಗೆ ಇದೇ ಕಲ್ಲಿದ್ದಲಿನ ಮೇಲೆ ಚಹಾ ಮಾಡಿಕೊಡಿ. ಕೆಟ್ಟರೆ ಕ್ಯಾಂಟೀನ್ ಬೇರೆಯವರ ಪಾಲು," ಅಂದುಬಿಟ್ಟರು.

ಆ ದಿನ ಅತ್ತಿಗೆ ಹಳೇ ಒಲೆಗೆ ಆ ಕಲ್ಲಿದ್ದಲು ತುಂಬಿ ಹೊತ್ತಿಸಿದಳು. ಹೊಗೆ ಧಾರಾಳ, ಬಿಸಿ ನಾಪತ್ತೆ. ಬೆರಳು ಅದ್ದಿದರೆ ನೀರು ತಣ್ಣಗಿತ್ತು. ಗೇಟಿನಲ್ಲಿ ಕಾರುಗಳು ನಿಂತ ಸದ್ದು ಕೇಳಿತು. ಕ್ಷಣ ಯೋಚಿಸಿ ಗ್ಯಾಸ್ ಒಲೆಯನ್ನು ಹಿಂದಿನ ಉಗ್ರಾಣಕ್ಕೆ ಎಳೆದು, ಅಲ್ಲೇ ಚಹಾ ಕುದಿಸಿ, ಕೆಟಲಿಗೆ ಬಗ್ಗಿಸಿ ತಂದು ಹೊಗೆಯೊಲೆಯ ಮೇಲಿಟ್ಟಳು.

ತಂಡದ ಹಿರಿಯರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಭೇಷ್! ಇದರಲ್ಲೇ ಇಂಥ ಚಹಾ ಆಗುವಾಗ ಇಲ್ಲಿಗೆ ಗ್ಯಾಸ್ ಯಾಕೆ? ನಾವೇ ಮೇಲ್ಪಂಕ್ತಿ ಹಾಕಿಕೊಡಬೇಕು."

ಸಾಹೇಬರು ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಗ್ಯಾಸ್ ಒಲೆ ಲಾರಿ ಹತ್ತಿತು.

ಕೆಮ್ಮು ಮರಳಿ ಬಂತು. ಅತ್ತಿಗೆಗೆ ತನ್ನ ಜಾಣತನದ ಮೇಲೇ ಸಿಟ್ಟು, ಅಳು. ಕೊನೆಗೆ ಏನಾದರಾಗಲಿ ಅಂತ ಸಾಹೇಬರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡಳು.

ಸಾಹೇಬರು ಎದ್ದು ಬಾಗಿಲು ಹಾಕಿದರು. "ಆ ಮಣ್ಣಿನ ಮೇಲೆ ಚಹಾ ಆಗಲ್ಲ ಅಂತ ನನಗೆ ಗೊತ್ತಿಲ್ವಾ ಅತ್ತಿಗೆ? ಬಾಯ್ಲರ್ ಬೇರೆ, ಒಲೆ ಬೇರೆ. ಆವತ್ತು ಬಾಯಿ ತಪ್ಪಿ ಆಡಿದೆ. ಈಗ ನಿಜ ಹೇಳಿದ್ರೆ ನಿಮ್ಮ ಒಲೆ ಬರುತ್ತೆ, ನನ್ನ ಕುರ್ಚಿ ಹೋಗುತ್ತೆ."

"ಹಾಗೋ," ಅಂದಳು ಅತ್ತಿಗೆ. "ಹಾಗಾದ್ರೆ ನಾಳೆಯಿಂದ ಚಹಾ ಕೋಣೆಗೆ ಕಳಿಸಲ್ಲ. ಅಲ್ಲೇ ಬಂದು, ಒಲೆ ಪಕ್ಕ ಕೂತು ಕುಡೀರಿ. ಎಲ್ಲರಿಗೂ ಮೇಲ್ಪಂಕ್ತಿ ಆಗುತ್ತೆ."

ಹೇಗೆ ಬೇಡ ಅನ್ನುವುದು? ಸಾಹೇಬರು ಬಂದರು, ಕೂತರು, ಕಣ್ಣು ಮೂಗು ಸುರಿಸುತ್ತ ಕುಡಿದರು. ಕೆಲಸಗಾರರೆಲ್ಲ ಲೋಟ ಹಿಡಿದು ಗೌರವದಿಂದ ಸುತ್ತ ನಿಂತರು. ವಾರ ತುಂಬುವುದರೊಳಗೆ ಸಾಹೇಬರಿಗೂ ಅತ್ತಿಗೆಗೂ ಒಂದೇ ಶ್ರುತಿಯ ಕೆಮ್ಮು.

ಆಮೇಲೆ ಒಂದು ಬೆಳಿಗ್ಗೆ ಉಗ್ರಾಣದ ಬಾಗಿಲ ಮೇಲೆ ಹೊಸ ಹಲಗೆ ತೂಗಿತು: "ಕಲ್ಲಿದ್ದಲು ಸಂಶೋಧನೆ. ಒಳಗೆ ಪ್ರವೇಶವಿಲ್ಲ." ಕೀಲಿಕೈ ಅತ್ತಿಗೆಗೆ ಮಾತ್ರ. ಅವಳು ಒಳಗೆ ಹೋಗಿ ಅಗುಳಿ ಹಾಕಿ, ಸಾಹೇಬರು ರಾತ್ರೋರಾತ್ರಿ ಗುಟ್ಟಾಗಿ ವಾಪಸ್ ತರಿಸಿಟ್ಟ ಗ್ಯಾಸ್ ಒಲೆ ಹಚ್ಚಿ, ಕೆಮ್ಮದೆ ಒಂದು ಉಸಿರು ಪೂರ್ತಿ ಎಳೆದುಕೊಂಡಳು.